ಎಲ್ಲರದ್ದೂ ಆದ ಮೇಲೆ

ಪ್ರೇಮನಾಥ ಸೈಕಲ್ ತುಳಿಯಲು ಶುರು ಮಾಡಿದ್ದು ಶೋಕಿಗಲ್ಲ, ಸಕ್ಕರೆ ಕಾಯಿಲೆಗೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಅವನಿಗೆ ಸಿಟ್ಟೇ ಬಂದಿತ್ತು. ಡೊಂಬಿವಲಿ ಎಂಐಡಿಸಿಯಲ್ಲಿ ಕಾರ್ಖಾನೆಗಳ ಸಾಲಿನ ಎದುರು ಅವನದೊಂದು ಹೋಟೆಲು. ಬೆಳಿಗ್ಗೆ ಶಟರ್ ಎತ್ತುವವನೂ ಅವನೇ, ರಾತ್ರಿ ಎಳೆಯುವವನೂ ಅವನೇ. ನಡುವೆ ಗಲ್ಲಾದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಟೇಬಲ್ಲಿಗೆ ನಡೆದದ್ದನ್ನೆಲ್ಲ ಜೋಡಿಸಿದರೆ ಕಾಶಿಗೆ ಹೋಗಿ ಬರಬಹುದಿತ್ತು. ಅದೆಲ್ಲ ನಡಿಗೆ ಅಲ್ಲ ಅಣ್ಣಾ, ಅದು ಓಡಾಟ ಎಂದರು ಡಾಕ್ಟರು. ಕೊನೆಗೆ ಮಗಳು ಅಶ್ಮಿತಾ ತನ್ನ ಸಂಬಳದಲ್ಲಿ ಒಂದು ಸೈಕಲ್ ತಂದು ಹೋಟೆಲಿನ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೋದಳು. ಮಗಳು ದುಡ್ಡು ಹಾಕಿದ ವಸ್ತು ಸುಮ್ಮನೆ ನಿಂತು ತುಕ್ಕು ಹಿಡಿಯುವುದನ್ನು ನೋಡಲಾಗದೆ ಅವನು ಹತ್ತಿದ.

ಹತ್ತಿದ ಮೇಲೆ ಇಳಿಯಲು ಮನಸ್ಸಾಗಲಿಲ್ಲ. ಸಂಜೆ ಹೋಟೆಲು ಸ್ವಲ್ಪ ಖಾಲಿಯಾಗುವ ಹೊತ್ತಿಗೆ ಖಂಬಾಳ್‌ಪಾಡಾ ಕಡೆಗೋ ಶಿಳ್‌ಫಾಟಾ ಕಡೆಗೋ ಹೋಗಿ ಬರುತ್ತಿದ್ದ. ಹೀಗೆ ಹೋಗುವಾಗಲೇ ಸೋನಾಲಿ ಮೇಡಂ ಅವರ ಗುಂಪಿನ ಪರಿಚಯವಾಯಿತು. ಸೋನಾಲಿ ಮೇಡಂ ಒಂದು ಬ್ಯಾಂಕಿನಲ್ಲಿ ಆಫೀಸರು, ಮರಾಠಿ ಹೆಂಗಸು, ಶಿಸ್ತಿನವಳು. ಅವಳು ಸೀಟಿ ಊದಿದರೆ ಅರವತ್ತು ದಾಟಿದವರೂ ಶಾಲೆಮಕ್ಕಳ ಹಾಗೆ ಸಾಲು ನಿಲ್ಲುತ್ತಿದ್ದರು. ಅವಳು ಐದು ದಿನದ ಸವಾರಿಯೊಂದನ್ನು ಗೊತ್ತು ಮಾಡಿದಳು. ಡೊಂಬಿವಲಿಯಿಂದ ಹೊರಟು ಮಹಾಡ್, ಅಲ್ಲಿಂದ ಘಾಟಿ ಹತ್ತಿ ಮಹಾಬಳೇಶ್ವರ, ಇಳಿದು ಪುಣೆ, ಖಂಡಾಳಾ ಘಾಟಿ ಇಳಿದು ವಾಶಿ, ಕೊನೆಯ ಬೆಳಿಗ್ಗೆ ವಾಶಿಯಿಂದ ಕಲ್ಯಾಣ್. ಸಾಮಾನು ಹೊತ್ತ ಒಂದು ಟೆಂಪೋ ಹಿಂದೆಯೇ ಬರುತ್ತದೆ. ಯಾರಿಗೆ ಆಗುವುದಿಲ್ಲವೋ ಅವರು ಅದನ್ನು ಹತ್ತಬಹುದು, ಆದರೆ ಹತ್ತಿದವರ ಹೆಸರನ್ನು ಕೊನೆಗೆ ಕರೆಯುವುದಿಲ್ಲ. ಕಲ್ಯಾಣದ ದುರ್ಗಾಡಿ ಕೋಟೆಯ ಬಳಿ ಹತ್ತು ಗಂಟೆಗೆ ಸರಿಯಾಗಿ ಒಬ್ಬೊಬ್ಬರ ಹೆಸರು ಮೈಕಿನಲ್ಲಿ ಕೂಗಿ ಪದಕ ಹಾಕುತ್ತಾರೆ. ಹೊತ್ತು ಮೀರಿ ಬಂದವರಿಗೂ ಅದು ಇಲ್ಲ. ಅಲ್ಲಿ ನಿಲ್ಲಲು ಸಿಕ್ಕ ಪರವಾನಗಿಯೇ ಅಷ್ಟು ಹೊತ್ತಿನದು.

ಪ್ರೇಮನಾಥನ ಮನಸ್ಸು ಹಿಡಿದದ್ದು ಆ ಹೆಸರು ಕರೆಯುವ ಮಾತು. ಪದಕ ಅವನಿಗೆ ಬೇಕಿರಲಿಲ್ಲ. ಆದರೆ ಈ ಊರಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಗಿರಾಕಿಗಳಿಗೆ ಅವನು ಅಣ್ಣಾ, ಹುಡುಗರಿಗೆ ಸೇಟ್, ಹಾಲಿನವನಿಗೆ ಹೋಟೆಲ್‌ವಾಲಾ. ಕಾರ್ಕಳದ ಕಡೆಯಿಂದ ಹುಡುಗನಾಗಿ ಲೋಟ ತೊಳೆಯಲು ಬಂದ ಅವನು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮ್ಯಾಟ್ರಿಕ್‌ವರೆಗೆ ಬಂದಿದ್ದ. ಪರೀಕ್ಷೆಯ ದಿನ ಹೋಟೆಲಿನ ಅಡುಗೆಭಟ್ಟ ಓಡಿಹೋದ, ಇವನು ದೋಸೆ ಹುಯ್ಯಲು ನಿಂತ, ಮ್ಯಾಟ್ರಿಕ್ ಅಲ್ಲಿಗೇ ನಿಂತಿತು. ಆಮೇಲೆ ಹೋಟೆಲು ತನ್ನದೇ ಆಯಿತು. ಆದರೆ ಶುರು ಮಾಡಿದ್ದನ್ನೆಲ್ಲ ಹೋಟೆಲಿಗಾಗಿ ಅರ್ಧಕ್ಕೇ ಬಿಡುವ ಹಣೆಬರಹ ಮಾತ್ರ ಬದಲಾಗಲಿಲ್ಲ. ಹೆಂಡತಿ ಚಂಪಾಳ ಜತೆ ತಿರುಪತಿಗೆ ಹೊರಟವನು ಪನ್ವೇಲ್ ಸ್ಟೇಷನ್ನಿನಿಂದ ವಾಪಸು ಬಂದಿದ್ದಾನೆ, ಯಾಕೆಂದರೆ ಗ್ಯಾಸ್ ಮುಗಿದಿದೆ ಎಂದು ಹೋಟೆಲಿನಿಂದ ಫೋನು ಬಂತು.

ಚಂಪಾ ಆ ಪನ್ವೇಲನ್ನು ಮರೆತವಳಲ್ಲ. ಸೈಕಲ್ ಸವಾರಿಯ ಸುದ್ದಿ ಕೇಳಿ ಅವಳು ನಗಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಹೋಗುದಾದ್ರೆ ಮುಗಿಸಿಯೇ ಬನ್ನಿ," ಅಂದಳು. "ಹೋಟೆಲ್ ನಾನು ನೋಡ್ತೇನೆ. ಆದ್ರೆ ಅರ್ಧದಿಂದ ಬಂದ್ರೆ ಮಾತ್ರ ನಾನು ಈ ಜನ್ಮದಲ್ಲಿ ನಿಮ್ಮೊಟ್ಟಿಗೆ ಎಲ್ಲಿಗೂ ಹೊರಡುದಿಲ್ಲ."

ಅಷ್ಟಾದರೂ ಪ್ರೇಮನಾಥ ಹೊರಡುವ ಹಿಂದಿನ ದಿನದವರೆಗೂ ಅವಳಿಗೆ ಉದ್ದಿನಬೇಳೆ ನೆನೆಹಾಕುವುದು ಹೇಗೆ ಎಂದು ಪಾಠ ಹೇಳುತ್ತಿದ್ದ. ಅವನಿಗಿಂತ ಮೊದಲು ಅದನ್ನು ಕಲಿತವಳು ಅವಳು.

ಮೊದಲ ದಿನ ಮಹಾಡ್‌ವರೆಗೆ ಹೇಗೋ ಕಳೆಯಿತು. ಪನ್ವೇಲ್ ದಾಟಿದ ಮೇಲೆ ರಸ್ತೆಯ ಧೂಳೆಲ್ಲ ಹೊಟ್ಟೆಗೇ ಹೋದ ಹಾಗಾಯಿತು. ಬಿಗಿಯಾದ ಚಡ್ಡಿ, ಹೊಳೆಯುವ ಅಂಗಿ, ತಲೆಗೆ ಹೆಲ್ಮೆಟ್ಟು, ಅದರೊಳಗೆ ಹೋಟೆಲಿನ ಚಿಂತೆ. ನಿಂತಲ್ಲೆಲ್ಲ ಫೋನು ಮಾಡಿದ. ಹಾಲು ಬಂತೇ? ಕಿಟ್ಟು ಹೊತ್ತಿಗೆ ಸರಿಯಾಗಿ ಬಂದನೇ? ಕಿಟ್ಟು ಎಂದರೆ ದೋಸೆಕಲ್ಲಿನ ಮುಂದೆ ನಿಲ್ಲುವ ಭಟ್ಟ. ಪ್ರತಿ ಸಲವೂ ಚಂಪಾಳ ಉತ್ತರ ಒಂದೇ, ಎಲ್ಲ ಸರಿ ಉಂಟು. ಮೊದಲು ಸಮಾಧಾನವಾಯಿತು. ಸಂಜೆಯ ಹೊತ್ತಿಗೆ ಒಂದು ಬಗೆಯ ಬೇಸರ ಶುರುವಾಯಿತು. ಅಷ್ಟು ವರ್ಷ ತಾನು ಬೆವರು ಸುರಿಸಿ ಎತ್ತಿ ಹಿಡಿದಿದ್ದೇನೆ ಎಂದುಕೊಂಡ ಹೋಟೆಲು ತಾನಿಲ್ಲದೆ ಅಷ್ಟು ಸಲೀಸಾಗಿ ನಡೆಯುತ್ತದೆಂದರೆ ಏನರ್ಥ? ಸರಿ ಇಲ್ಲದ್ದು ಏನಾದರೂ ಒಂದು ಇರಲಿ ಎಂದು ಅವನು ಒಳಗೊಳಗೇ ಬಯಸಿದ. ಮನುಷ್ಯನ ಬುದ್ಧಿ ಹೀಗೇ ಇರುತ್ತದೆ.

ಎರಡನೆಯ ದಿನ ಘಾಟಿಯ ದಿನ. ಘಾಟಿ ಹತ್ತುವ ಮುಂಚೆ ಪೋಲಾದ್‌ಪುರದ ಒಂದು ಹೋಟೆಲಿನಲ್ಲಿ ತಿಂಡಿಗೆ ನಿಂತರು. ಆ ಹೋಟೆಲಿನಲ್ಲಿ ಇದ್ದದ್ದು ಇಬ್ಬರೇ ಹುಡುಗರು, ಒಮ್ಮೆಗೇ ಇಷ್ಟು ಜನ ನುಗ್ಗಿದ್ದು ನೋಡಿ ತಬ್ಬಿಬ್ಬಾದರು. ಪ್ರೇಮನಾಥ ಕೈ ಕಟ್ಟಿ ಕೂರಲಿಲ್ಲ. ಕೂರುವುದು ಅವನಿಂದ ಆಗುವ ಕೆಲಸವೇ ಅಲ್ಲ. ಹೆಲ್ಮೆಟ್ಟು ತೆಗೆದಿಟ್ಟು ಒಳಗೆ ಹೋದ. ಮಿಸಳ್‌ಗೆ ರಸ ಹೆಚ್ಚು ಹಾಕಿಸಿದ, ಪಾವ್ ಬಿಸಿ ಮಾಡಿಸಿದ, ಕೈಗೆ ನಾಲ್ಕು ತಟ್ಟೆ ಜೋಡಿಸಿಕೊಂಡು ಸರಸರ ಹಂಚಿದ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬಂತೆ ಎಲ್ಲರೂ ಅವನನ್ನು ಹೊಗಳಿದರು. ಎಲ್ಲರ ತಿಂಡಿ ಮುಗಿಯುವಾಗ ಸೋನಾಲಿ ಮೇಡಂ ಸೀಟಿ ಊದಿದಳು. ಪ್ರೇಮನಾಥ ನಿಂತಲ್ಲೇ ಅರ್ಧ ಲೋಟ ಚಹಾ ಕುಡಿದು ಸೈಕಲ್ ಹತ್ತಿದ.

ಇದನ್ನು ಯಾರಾದರೂ ಮೂರ್ಖತನ ಎಂದರೆ ಅವರಿಗೆ ಹೋಟೆಲಿನವರು ಗೊತ್ತಿಲ್ಲ ಎಂದರ್ಥ. ಲೋಟ ತೊಳೆಯಲು ಬಂದ ಹುಡುಗನಿಗೆ ಅವನ ಮಾವ ಕಲಿಸಿದ ಮೊದಲ ಪಾಠವೇ ಅದು. ಗಿರಾಕಿ ಉಣ್ಣುವಾಗ ಹೋಟೆಲಿನವನ ಬಾಯಿ ಆಡಬಾರದು. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು, ಉಳಿದದ್ದನ್ನು ಗಬಗಬ ಮುಗಿಸಬೇಕು. ಟೇಬಲ್ಲಿನ ಮುಂದೆ ಕೂತು ತಿನ್ನುವ ಸೇಟನ್ನು ಗಿರಾಕಿ ನೋಡಿದರೆ ಆ ಹೋಟೆಲಿನ ಲಕ್ಷ್ಮಿ ಎದ್ದು ಹೋಗುತ್ತಾಳೆ. ಪ್ರೇಮನಾಥ ಇದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಮದುವೆ ಮನೆಗಳಲ್ಲೂ ಕೊನೆಯ ಪಂಕ್ತಿಗೇ ಕೂರುತ್ತಿದ್ದ. ತನ್ನ ಸ್ವಂತ ಮದುವೆಯಲ್ಲೂ ಊಟದ ಮಧ್ಯೆ ಎದ್ದು ಸಾಂಬಾರು ಎಲ್ಲರಿಗೂ ಬಂತಾ ಎಂದು ನೋಡಲು ಹೋಗಿದ್ದನಂತೆ. ಹಸಿದವರ ಎದುರು ತಾನು ತಿನ್ನುವುದೆಂದರೆ ಅವನಿಗೆ ಗಂಟಲಲ್ಲಿ ಇಳಿಯುವುದೇ ಇಲ್ಲ.

ಘಾಟಿಗೆ ಮಾತ್ರ ಈ ಪಾಠ ಗೊತ್ತಿರಲಿಲ್ಲ. ಕೆಲವು ತಿರುವು ಹತ್ತುವಷ್ಟರಲ್ಲಿ ಕೈ ನಡುಗಿತು, ತಣ್ಣನೆ ಬೆವರು ಇಳಿಯಿತು, ರಸ್ತೆ ಮಸುಕಾಯಿತು. ಅವನು ಸೈಕಲ್ಲನ್ನು ಕಟ್ಟೆಗೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟ. ಟೆಂಪೋ ಬಂದು ಪಕ್ಕದಲ್ಲಿ ನಿಂತಿತು. ಡ್ರೈವರು ಹಿಂದಿನ ಬಾಗಿಲು ತೆಗೆದ. ಒಳಗೆ ಚೀಲಗಳ ಮೇಲೆ ಒಬ್ಬ ಮಲಗಲು ಬೇಕಾದಷ್ಟು ಜಾಗ ಇತ್ತು. ಆ ಜಾಗವನ್ನು ನೋಡಿದಾಗ ಪ್ರೇಮನಾಥನಿಗೆ ಆದ ಆಸೆ ಎಂಥದೆಂದು ಹೇಳಿ ಮುಗಿಯುವುದಿಲ್ಲ. ಹೆಸರು ಕರೆಯದಿದ್ದರೆ ಏನಂತೆ, ಮಲಗಿದರೆ ಸಾಕು ಅನ್ನಿಸಿತು. ಆದರೆ ಪನ್ವೇಲ್ ಸ್ಟೇಷನ್ನಿನಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಹಿಂದೆ ಬಂದ ಚಂಪಾಳ ಮುಖ ನೆನಪಾಯಿತು.

ಗುಂಪಿನ ಕೊನೆಯಲ್ಲಿ ಬರುವ ಕೆಲಸ ಹುಲಗಪ್ಪನದು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವವನು. ಕೊಪ್ಪಳದ ಕಡೆಯವನು, ಕಲ್ಯಾಣದ ರೈಲ್ವೆ ಶೆಡ್ಡಿನಲ್ಲಿ ಕೆಲಸ, ಮಾತು ಕಡಿಮೆ. ಅವನು ಟೆಂಪೋವನ್ನು ಮುಂದೆ ಕಳಿಸಿ ಪ್ರೇಮನಾಥನ ಪಕ್ಕ ಕೂತ, ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ತೆಗೆದ.

"ತಿನ್ರಿ ಅಣ್ಣಾರ. ನಿನ್ನಿಯಿಂದ ನೋಡಾಕತ್ತೀನಿ, ನೀವು ಎಲ್ಲಾರಿಗೂ ಬಡಸ್ತೀರಿ, ನೀವು ಉಂಡದ್ದು ಮಾತ್ರ ನಾ ಕಂಡಿಲ್ಲ."

ನೀವು ಮೊದಲು ತಿನ್ನಿ ಎಂದ ಪ್ರೇಮನಾಥ. ಹುಲಗಪ್ಪ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು, ಈಗ ತಿನ್ರಿ ಎಂದು ಬೇರೆ ಕಡೆ ತಿರುಗಿ ಕೂತ. ನೋಡುವವರಿಲ್ಲದ ಮೇಲೆ ಪ್ರೇಮನಾಥ ತಿಂದ. ಆಮೇಲೆ ಇಬ್ಬರೂ ಸೈಕಲ್ ತಳ್ಳಿಕೊಂಡೇ ಅರ್ಧ ಘಾಟಿ ಹತ್ತಿದರು. ತಳ್ಳುವುದಕ್ಕೆ ನಿಯಮದ ಅಡ್ಡಿ ಇರಲಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ಪ್ರೇಮನಾಥನಲ್ಲಿ ಕೇಳಿದರೆ ಅವನಿಗೆ ನೆನಪಿರುವುದು ಬರೀ ಸುಸ್ತು. ವಾಯಿಯಲ್ಲಿ ನದಿ ಇತ್ತಂತೆ, ಅವನು ಕಂಡದ್ದು ಮುಂದಿನ ಸೈಕಲ್ಲಿನ ಹಿಂದಿನ ಚಕ್ರ. ಪುಣೆಯಲ್ಲಿ ಯಾರೋ ಹೂವು ಕೊಟ್ಟರಂತೆ, ಅವನು ಕೈಯಲ್ಲಿ ಹೂವು ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಮೊಣಕಾಲು ಊದಿತು, ಅಂಗೈ ಮರಗಟ್ಟಿತು, ಕೂರುವ ಜಾಗದ ಸ್ಥಿತಿ ಹೇಳುವಂಥದಲ್ಲ. ಖಂಡಾಳಾ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಬಿಡಿಸಲಾಗಲಿಲ್ಲ. ಫೋನು ಮಾಡುವುದನ್ನೂ ಕಡಿಮೆ ಮಾಡಿದ. ಮಾಡಿದಾಗಲೂ ಅದೇ ಉತ್ತರ, ಎಲ್ಲ ಸರಿ ಉಂಟು. ಕೊನೆಯ ರಾತ್ರಿ ವಾಶಿಯ ಒಂದು ಸಭಾಗೃಹದಲ್ಲಿ ಚಾಪೆ ಹಾಸಿ ಎಲ್ಲರೂ ಮಲಗಿದರು. ಇನ್ನು ಬೆಳಿಗ್ಗೆಯೊಂದೇ ಬಾಕಿ ಎಂದು ಉಳಿದವರು ಹಾಡು ಹೇಳುತ್ತಿದ್ದರೆ, ಪ್ರೇಮನಾಥ ನಾಳೆ ಕಾಲು ಎತ್ತಿ ಪೆಡಲಿನ ಮೇಲೆ ಇಡಲು ಆಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದ.

ಆಯಿತು, ಹೇಗೋ ಆಯಿತು. ಮಾರ್ಕೆಟಿನ ಲಾರಿಗಳ ನಡುವೆ ತೂರಿ, ಕೋಪರಖೈರಣೆ ಏಳುವ ಮೊದಲೇ ಅದನ್ನು ದಾಟಿ, ಮಹಾಪೆಯ ಏರು ಹತ್ತಿ, ಶಿಳ್‌ಫಾಟಾದ ಕಂಟೇನರುಗಳ ಹೊಗೆ ಕುಡಿದು ಗುಂಪು ಡೊಂಬಿವಲಿಯ ಕಡೆ ತಿರುಗಿತು. ಕೊನೆಯ ತಿಂಡಿ ಪ್ರೇಮನಾಥನ ಹೋಟೆಲಿನಲ್ಲಿ ಎಂದು ಹೊರಡುವ ಮೊದಲೇ ಮಾತಾಗಿತ್ತು. ಅವನೇ ಕರೆದದ್ದು. ಅಲ್ಲಿಂದ ಕಲ್ಯಾಣ್ ಎಷ್ಟು ದೂರ? ನಾಲ್ಕು ತಿರುವು, ಎರಡು ಸಿಗ್ನಲ್ಲು, ಪತ್ರೀಪೂಲ್, ಅಷ್ಟೇ.

ಪ್ರೇಮನಾಥ, ಹುಲಗಪ್ಪ ಕೊನೆಯಲ್ಲಿ ಬಂದು ಮುಟ್ಟಿದಾಗ ಉಳಿದವರು ಆಗಲೇ ತಿನ್ನುತ್ತಿದ್ದರು. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು ಬೇರೆ. ಬಾಗಿಲಲ್ಲೂ ಜನ. ಅಶ್ಮಿತಾ ಗಲ್ಲಾದಲ್ಲಿ ಕೂತಿದ್ದಳು, ಆಫೀಸಿಗೆ ಹೋಗಬೇಕಾದವಳು ಇಲ್ಲೇಕೆ ಎಂದು ಕೇಳುವಷ್ಟು ವ್ಯವಧಾನವೂ ಅವನಿಗಿರಲಿಲ್ಲ. ಮೂಗಿಗೆ ಸಾಂಬಾರಿನ ವಾಸನೆ ಬಂದದ್ದೇ ತಡ, ಊದಿದ ಮೊಣಕಾಲು ಮರೆತುಹೋಯಿತು. ಹೆಲ್ಮೆಟ್ಟು ಕೂಡ ತೆಗೆಯದೆ ಗಲ್ಲಾದ ಪಕ್ಕದಿಂದ ನುಸುಳಿ ಅಡುಗೆಮನೆಗೆ ಹೋಗಿ, ಕೈ ತೊಳೆದು, ತಟ್ಟೆಗಳಿಗೆ ಕೈ ಹಾಕಿದ.

ತಟ್ಟೆಯ ಇನ್ನೊಂದು ತುದಿಯನ್ನು ಚಂಪಾ ಹಿಡಿದಿದ್ದಳು.

"ಹೊರಗೆ ಹೋಗಿ ಕೂತ್ಕೊಳ್ಳಿ," ಅಂದಳು.

ಎಲ್ಲಿ ಎಂದು ಅವನು ಕೇಳಿದ್ದು ನಿಜವಾಗಿಯೂ ಗೊತ್ತಾಗದೆ. ಗಿರಾಕಿಗಳು ಕೂರುವಲ್ಲಿ ಎಂದಳು ಅವಳು. ಅವನನ್ನು ತಳ್ಳಿಕೊಂಡೇ ಬಂದು ಗೋಡೆಯ ಪಕ್ಕದ ಟೇಬಲ್ಲಿನ ಮುಂದೆ ಕೂರಿಸಿದಳು. ಗಲ್ಲಾದಿಂದ ಅಶ್ಮಿತಾ, "ಪಪ್ಪಾ, ಆಜ್ ತೋ ಬೈಠೋ ನಾ," ಇವತ್ತಾದರೂ ಕೂರಿ ಎಂದು ತನ್ನ ಹಿಂದಿಯಲ್ಲಿ ಕೂಗಿದಳು. ಬೆಂಚು ಗಟ್ಟಿಯಾಗಿತ್ತು. ಮೂವತ್ತು ವರ್ಷ ಅವನೇ ಒರೆಸಿದ ಬೆಂಚು, ಅದರ ಮೇಲೆ ಕೂತದ್ದು ಅಂದೇ. ಎದುರಿಗೆ ಕೂತ ಕಾರ್ಖಾನೆಯವನು ಈ ಹೊಳೆಯುವ ಅಂಗಿಯ ಮುದುಕನ ಗುರುತು ಹಿಡಿಯದೆ ಚಟ್ನಿ ಈ ಕಡೆ ಸರಿಸಿ ಎಂದು ಮರಾಠಿಯಲ್ಲಿ ಹೇಳಿದ. ಪ್ರೇಮನಾಥ ಸರಿಸಿದ.

ಚಂಪಾ ಮಸಾಲೆದೋಸೆ ತಂದಿಟ್ಟಳು. ಅವನು ತಟ್ಟೆ ನೋಡುವ ಬದಲು ಅವಳನ್ನು ನೋಡಿದ. ಟೇಬಲ್ಲಿನ ಈ ಬದಿಯಿಂದ ಕಂಡಷ್ಟು ಸರಿಯಾಗಿ ಅವಳು ಅವನಿಗೆ ಯಾವತ್ತೂ ಕಂಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು, ಬಲಗೈಗೆ ಬಟ್ಟೆ ಸುತ್ತಿದ್ದಾಳೆ, ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿಲ್ಲ. ಕೈಗೆ ಏನಾಯಿತು ಎಂದ. ಏನಿಲ್ಲ ಎಂದಳು. ಆಗ ಪಕ್ಕದಲ್ಲಿ ಇಡ್ಲಿ ಇಡುತ್ತಿದ್ದ ಕಿಟ್ಟುವಿನ ಬಾಯಿ ತಡೆಯಲಿಲ್ಲ. ಎರಡನೆಯ ದಿನವೇ ದೊಡ್ಡ ಗ್ರೈಂಡರು ಕೆಟ್ಟಿತಂತೆ. ಕಿಟ್ಟುವಿಗೂ ಅದೇ ದಿನ ಜ್ವರ, ಅವನು ಎದ್ದು ಬಂದದ್ದು ನಿನ್ನೆ. ಚಂಪಾ ಮನೆಯ ಮಿಕ್ಸಿಯಲ್ಲಿ ರಾಶಿ ಹಿಟ್ಟು ರುಬ್ಬಿ, ತಾನೇ ದೋಸೆಕಲ್ಲಿನ ಮುಂದೆ ನಿಂತು ಕೈ ಸುಟ್ಟುಕೊಂಡಳಂತೆ. ಅಶ್ಮಿತಾ ರಜೆ ಹಾಕಿ ಗಲ್ಲಾದಲ್ಲಿ ಕೂತದ್ದೂ ಅಂದಿನಿಂದಲೇ.

ಎರಡನೆಯ ದಿನ ಎಂದರೆ ಘಾಟಿಯ ದಿನ. ಅವತ್ತು ಸಂಜೆಯೂ ಅವಳು ಎಲ್ಲ ಸರಿ ಉಂಟು ಎಂದೇ ಹೇಳಿದ್ದಳು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರ್ತಿದ್ರಿ," ಅಂದಳು ಚಂಪಾ. ಸಿಟ್ಟಿನಿಂದೇನೂ ಅಲ್ಲ, ಸುಸ್ತಾಗಿ. "ಈಗ ಬೇಗ ತಿಂದು ಹೊರಡಿ. ನೀವು ಇಲ್ಲಿಯೇ ಉಳಿದ್ರೆ ಮತ್ತೆ ನಾನು ಇಷ್ಟು ದಿನ ನಿಂತದ್ದು ಎಂತಕ್ಕೆ?"

ಹೊರಗೆ ಸೀಟಿ ಕೇಳಿಸಿತು. ಗುಂಪು ಎದ್ದು ಸಾಲು ನಿಂತಿತು. ಹುಲಗಪ್ಪ ಬಾಗಿಲಲ್ಲಿ ತಲೆ ಹಾಕಿ, ಹತ್ತಕ್ಕೆ ಹೆಸರು ಕರೀತಾರ ಅಣ್ಣಾರ, ಹೊತ್ತಾತು ಎಂದ. ಪ್ರೇಮನಾಥ ದೋಸೆ ಮುರಿದು ಬಾಯಿಗಿಡಲು ಹೋದವನು ಕೈಯನ್ನು ಹಾಗೆಯೇ ನಿಲ್ಲಿಸಿದ. ಎಷ್ಟು ವರ್ಷ ಜತೆಗೆ ಬಾಳಿದರೂ ಕೇಳಬೇಕೆಂದು ಹೊಳೆಯದ ಒಂದು ಮಾತು ಬಾಯಿಗೆ ಬಂತು.

"ನೀನು ತಿಂದೆಯಾ?"

"ಎಲ್ಲರದ್ದೂ ಆಗ್ಲಿ," ಅಂದಳು ಚಂಪಾ, ತಿರುಗಿ ಹೋಗುತ್ತ.

ಅದು ಅವನದೇ ಮಾತು. ಹುಡುಗನಾಗಿದ್ದಾಗಿನಿಂದ ಅವನು ಆಡಿಕೊಂಡು ಬಂದ ಮಾತು. ಆ ಮಾತನ್ನು ಕಟ್ಟಿಕೊಂಡು ಘಾಟಿಯಲ್ಲಿ ತಲೆ ತಿರುಗಿ ಕೂತವನು ಅವನು. ಅವನ ಪಕ್ಕದಲ್ಲಾದರೂ ರೊಟ್ಟಿ ತೆಗೆದುಕೊಟ್ಟು ಆಚೆ ತಿರುಗಿ ಕೂರುವ ಒಬ್ಬ ಹುಲಗಪ್ಪ ಇದ್ದ. ಇವಳ ಪಕ್ಕದಲ್ಲಿ ಯಾರಿದ್ದರು? ನಾಲ್ಕು ದಿನದ ಮಾತು ಹಾಗಿರಲಿ, ಮದುವೆಯಾದ ಮೇಲೆ ಮನೆಯಲ್ಲಿ ಇವಳು ಉಂಡದ್ದನ್ನು ತಾನು ಕೂತು ನೋಡಿದ್ದೇನೆಯೇ? ಪ್ರೇಮನಾಥನಿಗೆ ನಾಚಿಕೆಯಾಯಿತು.

ಅವನು ಎದ್ದು ಹೋಗಿ ಅವಳ ಸುಟ್ಟಿರದ ಕೈ ಹಿಡಿದು ಕರೆತಂದ. ಗಿರಾಕಿಗಳು ನೋಡುತ್ತಿದ್ದರು, ನೋಡಲಿ. ಎದುರಿನ ಕಾರ್ಖಾನೆಯವನು ಅಷ್ಟರಲ್ಲಿ ಎದ್ದಿದ್ದ, ಆ ಜಾಗದಲ್ಲಿ ಅವಳನ್ನು ಕೂರಿಸಿದ. ನಿಮ್ಮ ಹೆಸರು ಕರೆಯುವುದು ತಪ್ಪುತ್ತದೆ, ಹುಚ್ಚು ಹಿಡಿದಿದೆಯಾ ಎಂದು ಅವಳು ತಗ್ಗಿದ ದನಿಯಲ್ಲಿ ಬೈದಳು. ಅವನು ತನ್ನ ದೋಸೆಯನ್ನು ಅವಳ ಮುಂದೆ ಸರಿಸಿ, ಇನ್ನೊಂದು ತರಲು ಕಿಟ್ಟುವಿಗೆ ಹೇಳಿದ. ನೀನು ತಿಂದ ಮೇಲೆ ಹೋಗುತ್ತೇನೆ, ಖಂಡಿತ ಹೋಗುತ್ತೇನೆ ಎಂದ. ಅವಳು ಗೋಡೆಯ ಗಡಿಯಾರ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿದಳು. ಮೊದಲು ಅವಸರದಿಂದ, ಆಮೇಲೆ ನಿಧಾನವಾಗಿ. ಅವಳಿಗೆ ಎಷ್ಟು ಹಸಿವಾಗಿತ್ತು ಎನ್ನುವುದು ತಿನ್ನುವಾಗ ಗೊತ್ತಾಯಿತು.

ಹೊರಗೆ ಗುಂಪು ಹೊರಟಿತು. ನೀವು ಹೋಗಿ ಎಂದು ಪ್ರೇಮನಾಥ ಹುಲಗಪ್ಪನಿಗೆ ಕೈ ಮಾಡಿದ. ಕೊನೆಗೆ ಬರಾಂವ ಮುಂದ ಹೆಂಗ ಹೋಗ್ಲಿ ಎಂದು ಹುಲಗಪ್ಪ ಮೆಟ್ಟಿಲ ಮೇಲೆ ಕೂತ. ಅಶ್ಮಿತಾ ಅವನಿಗೂ ಒಂದು ಚಹಾ ಕಳಿಸಿದಳು.

ಇಬ್ಬರೂ ದುರ್ಗಾಡಿ ತಲುಪಿದಾಗ ಹತ್ತು ದಾಟಿ ಬಹಳ ಹೊತ್ತಾಗಿತ್ತು. ಶಾಮಿಯಾನದ ಹುಡುಗರು ಕುರ್ಚಿ ಮಡಚಿ ಟ್ರಕ್ಕಿಗೆ ಹಾಕುತ್ತಿದ್ದರು. ಮೈಕಿನವನು ವೈರು ಸುತ್ತಿಕೊಳ್ಳುತ್ತಿದ್ದ. ಗುಂಪಿನವರು ಫೋಟೋ ಮುಗಿಸಿ ಮನೆಗೆ ಹೊರಟು ಹೋಗಿದ್ದರು. ಸೋನಾಲಿ ಮೇಡಂ ಕಾದು ಕಾದು ಹೋದಳು ಎಂದು ಟೆಂಪೋ ಡ್ರೈವರು ಹೇಳಿ, ಇಬ್ಬರ ಚೀಲ ಇಳಿಸಿಕೊಟ್ಟ. ಪ್ರೇಮನಾಥ ಸೈಕಲ್ಲಿನಿಂದ ಇಳಿಯಲು ಕಾಲೆತ್ತಿದ. ಏಳಲಿಲ್ಲ. ಹುಲಗಪ್ಪ ಹ್ಯಾಂಡಲು ಹಿಡಿದುಕೊಂಡು ಅವನನ್ನು ಇಳಿಸಿದ. ನನ್ನಿಂದಾಗಿ ನಿಮ್ಮ ಹೆಸರೂ ಹೋಯಿತು ಎಂದ ಪ್ರೇಮನಾಥ. ಹುಲಗಪ್ಪ ಬಿಡ್ರಿ ಎಂದು ತಲೆಗೆ ನೀರು ಸುರಿದುಕೊಂಡ.

ಫೋನು ಬಂತು. ಚಂಪಾ. ಹಿಂದಿನಿಂದ ತಟ್ಟೆಗಳ ಸದ್ದು, ಕಿಟ್ಟುವಿನ ಕೂಗು.

"ಮುಟ್ಟಿದ್ರಾ? ಹೆಸರು ಕರೆದ್ರಾ?"

ಪ್ರೇಮನಾಥ ಖಾಲಿ ಜಾಗವನ್ನು ನೋಡಿದ. ಎಳೆದು ತೆಗೆದ ಕಂಬಗಳ ಗುಂಡಿ, ಚೆಲ್ಲಿದ ಹೂವಿನ ಎಸಳು, ಟ್ರಕ್ಕಿಗೆ ಏರುತ್ತಿದ್ದ ಕೊನೆಯ ಕುರ್ಚಿ. ಮೈಯಲ್ಲಿ ನೋಯದ ಜಾಗ ಇರಲಿಲ್ಲ.

"ಕರೆದ್ರು," ಅಂದ. "ಎಲ್ಲ ಸರಿ ಉಂಟು."

ಆ ಕಡೆ ಚಂಪಾ ನಕ್ಕದ್ದು ಕೇಳಿಸಿತು. ಸೈಕಲ್ಲಿನಲ್ಲಿ ಬರಬೇಡಿ, ರಿಕ್ಷಾ ಮಾಡಿಕೊಂಡು ಬನ್ನಿ ಎಂದು ಹೇಳಿ ಅವಳು ಫೋನು ಇಟ್ಟಳು. ಪ್ರೇಮನಾಥ ರಸ್ತೆಯ ಬದಿಯಲ್ಲಿ ಕೂತ, ಹೆಲ್ಮೆಟ್ಟು ಬಿಚ್ಚಿದ, ಕಣ್ಣು ಒರೆಸಿಕೊಂಡ. ಹುಲಗಪ್ಪ ಪಕ್ಕದಲ್ಲಿ ಬಂದು ಆಚೆ ತಿರುಗಿ ಕೂತ.